ಒರಗಿ ತುಳಿಯುವ ಮೂರು ಚಕ್ರ, ಸಂಬಳದಲ್ಲಿ ಮುರಿಯುವ ಬಾಡಿಗೆ

ಮೂರು ಕಲ್ಲಿನ ಒಲೆ ಅಲುಗಾಡುವುದಿಲ್ಲ, ನಾಲ್ಕು ಕಾಲಿನ ಬೆಂಚು ಅಲುಗಾಡುತ್ತದೆ. ಕಾರಣ ಕೇಳಿದರೆ ತರಗತಿಯಲ್ಲಿ ಹಿಂದಿನ ಸಾಲಿನವರೂ ಕೈಯೆತ್ತುತ್ತಾರೆ. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ, ನಾಲ್ಕನೆಯದು ಇರಲೇಬೇಕೆಂದಿಲ್ಲ. ಇದೇ ಸರಳ ತತ್ತ್ವದ ಮೇಲೆ ನಿಂತ ವಾಹನವೊಂದು ಬ್ರಿಟನ್ನಿನ ರಸ್ತೆಗಳಲ್ಲಿ ಅಪರೂಪಕ್ಕೆ ಕಣ್ಣಿಗೆ ಬೀಳುತ್ತದೆ. ಮುಂದೆ ಎರಡು ಚಕ್ರ, ಹಿಂದೆ ಒಂದು. ನಮ್ಮ ಆಟೋರಿಕ್ಷಾವನ್ನು ಹಿಂದುಮುಂದು ಮಾಡಿದ ಹಾಗೆ. ಸವಾರ ನೆಲದಿಂದ ಸುಮಾರು ಒಂದಡಿ ಎತ್ತರದ ಆರಾಮಕುರ್ಚಿಯಂಥ ಆಸನದಲ್ಲಿ ಹಿಂದಕ್ಕೊರಗಿ, ಕಾಲುಗಳನ್ನು ಮುಂದಕ್ಕೆ ಚಾಚಿ ಪೆಡಲ್ ತುಳಿಯುತ್ತಾನೆ. ರಿಕಂಬೆಂಟ್ ಟ್ರೈಕ್ ಎಂದು ಅಲ್ಲಿನವರು ಕರೆಯುವ ಇದನ್ನು ನಾವು ಒರಗು ತ್ರಿಚಕ್ರಿ ಎನ್ನೋಣ.

ನನಗೆ ಇದರ ಕುತೂಹಲ ಹತ್ತಿಸಿದವನು ಹಳೆಯ ವಿದ್ಯಾರ್ಥಿಯೊಬ್ಬ. ಇಂಗ್ಲೆಂಡಿನ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಅವನಿಗೆ ಕೆಲಸ. ಒಳಗಿವಿಯ ತೊಂದರೆಯಿಂದ ದೇಹದ ಸಮತೋಲ ಆಗಾಗ ತಪ್ಪುತ್ತದೆ. ಹೀಗಾಗಿ ಎರಡು ಚಕ್ರದ ಸೈಕಲ್ಲನ್ನು ಬಿಡಬೇಕಾಯಿತು. ಅವನ ಮಟ್ಟಿಗೆ ಮೂರು ಚಕ್ರ ಶೋಕಿಯಲ್ಲ. ಆದರೆ ಬೆಲೆ 4,000 ಪೌಂಡು! ಉದ್ಯೋಗದಾತರ ಮೂಲಕ ಸೈಕಲ್ ಪಡೆಯುವ ಯೋಜನೆಯೊಂದಿದೆ, ಲಾಭವೋ ನಷ್ಟವೋ ಲೆಕ್ಕ ಹಾಕಿ ಹೇಳಿ ಸಾರ್ ಎಂದು ಕೇಳಿದ.

ಹಣದ ಲೆಕ್ಕಕ್ಕೆ ಮೊದಲು ಗಾಡಿಯ ಲೆಕ್ಕ ನೋಡೋಣ. ಎರಡು ಚಕ್ರದ ಸೈಕಲ್ ತಿರುವಿನಲ್ಲಿ ಒಳಕ್ಕೆ ವಾಲುತ್ತದೆ. ತ್ರಿಚಕ್ರಿಗೆ ವಾಲಲು ಬರುವುದಿಲ್ಲ. ವೇಗ ಹೆಚ್ಚಾದರೆ ಒಳಗಿನ ಚಕ್ರ ನೆಲ ಬಿಡುತ್ತದೆ. ಯಾವಾಗ ಬಿಡುತ್ತದೆಂಬುದು ಚಕ್ರಗಳ ನಡುವಿನ ಅಗಲಕ್ಕೂ ಗುರುತ್ವಕೇಂದ್ರದ ಎತ್ತರಕ್ಕೂ ಇರುವ ಅನುಪಾತವನ್ನು ಅವಲಂಬಿಸಿದೆ. ಸವಾರ ತಗ್ಗಿನಲ್ಲಿ ಕೂರುವುದರ ಗುಟ್ಟು ಇದೇ. ಗುರುತ್ವಕೇಂದ್ರ 42 ಸೆಂ.ಮೀ. ಎತ್ತರದಲ್ಲಿದ್ದು, ಅದರಿಂದ ಪಕ್ಕದ ಆಧಾರರೇಖೆಗೆ 25 ಸೆಂ.ಮೀ. ಅಂತರವಿದೆ ಎಂದಿಟ್ಟುಕೊಳ್ಳಿ. 5 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ ಸುಮಾರು 19 ಕಿ.ಮೀ. ದಾಟಿದರೆ ಚಕ್ರ ಏಳುತ್ತದೆ. ಹತ್ತನೆಯ ತರಗತಿ ದಾಟಿದವರು ಕಾಗದ ಪೆನ್ಸಿಲ್ ಹಿಡಿದು ತಾಳೆ ನೋಡಬಹುದು. ಇನ್ನು ತಿರುವಿನಲ್ಲಿ ಬ್ರೇಕ್ ಹಾಕಿದಾಗ ಭಾರ ಮುಂದಕ್ಕೂ ಹೊರಕ್ಕೂ ಸರಿಯುತ್ತದೆ. ಆಟೋರಿಕ್ಷಾದಲ್ಲಿ ಅಲ್ಲಿರುವುದು ಒಂಟಿ ಚಕ್ರ; ಇಲ್ಲಿ ಎರಡು. ಹಿಂದುಮುಂದು ಮಾಡಿದ್ದರ ಪ್ರಯೋಜನ ಆಗ ತಿಳಿಯುತ್ತದೆ.

ಒರಗಿದ ದೇಹ ಗಾಳಿಗೆ ಒಡ್ಡುವ ಮೈಯೂ ಕಡಿಮೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುವುದರಿಂದ ಇದು ಸಣ್ಣ ಲಾಭವಲ್ಲ. 1933ರ ಜುಲೈಯಲ್ಲಿ ಫ್ರಾನ್ಸಿನ ಫ್ರಾನ್ಸಿಸ್ ಫೋರ್ ಎಂಬ ಸವಾರ ಶಾರ್ಲ್ ಮೊಶೆ ನಿರ್ಮಿಸಿದ ಒರಗು ಸೈಕಲ್ಲಿನಲ್ಲಿ ಒಂದು ಗಂಟೆಯಲ್ಲಿ 45 ಕಿ.ಮೀ. ದಾಟಿ, 1914ರಿಂದ ಉಳಿದಿದ್ದ ದಾಖಲೆಯನ್ನು ಮುರಿದ. ಅದಕ್ಕಿದ್ದದ್ದು ಎರಡೇ ಚಕ್ರ. ಮರುವರ್ಷ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಸೈಕಲ್ಲಿನ ವ್ಯಾಖ್ಯೆಯನ್ನೇ ಬದಲಿಸಿ ಒರಗು ಸೈಕಲ್ಲುಗಳನ್ನು ಪಂದ್ಯಗಳಿಂದ ಹೊರಗಿಟ್ಟಿತು. ಪಂದ್ಯದಲ್ಲಿಲ್ಲದ ಸೈಕಲ್ಲನ್ನು ದೊಡ್ಡ ಕಾರ್ಖಾನೆಗಳು ಏಕೆ ಮಾಡಿಯಾವು? ಇಂದಿಗೂ ಇವು ಸಣ್ಣ ಕಾರ್ಖಾನೆಗಳಲ್ಲಿ ಕೆಲವೇ ಸಂಖ್ಯೆಯಲ್ಲಿ ತಯಾರಾಗುತ್ತವೆ. ಬೆಲೆ ಏರಿರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಎಣಿಕೆ.

ಈಗ ಯೋಜನೆಗೆ ಬರೋಣ. ಬ್ರಿಟನ್ನಿನಲ್ಲಿ 1999ರ ಹಣಕಾಸು ಕಾಯಿದೆ ಇದಕ್ಕೆ ದಾರಿ ಮಾಡಿತು. ಉದ್ಯೋಗದಾತ ಸೈಕಲ್ಲನ್ನು ಕೊಂಡು ನೌಕರನಿಗೆ ಬಾಡಿಗೆಗೆ ಕೊಡುತ್ತಾನೆ. ಬಾಡಿಗೆಯನ್ನು ತೆರಿಗೆಗೆ ಮೊದಲೇ ಸಂಬಳದಿಂದ ಮುರಿದುಕೊಳ್ಳುತ್ತಾರೆ. ಸೈಕಲ್ಲಿನ ಬಳಕೆ ಮುಖ್ಯವಾಗಿ ಕೆಲಸಕ್ಕೆ ಹೋಗಿಬರುವುದಕ್ಕೇ ಇರಬೇಕು. ಮೂರು ಚಕ್ರಕ್ಕೂ ಇದು ಅನ್ವಯಿಸುತ್ತದೆಯೇ ಎಂಬುದು ನನ್ನ ಹುಡುಗನ ಮೊದಲ ಆತಂಕ. ಅಲ್ಲಿನ 1988ರ ರಸ್ತೆ ಸಂಚಾರ ಕಾಯಿದೆಯಲ್ಲಿ ಸೈಕಲ್ ಎಂದರೆ ದ್ವಿಚಕ್ರಿ, ತ್ರಿಚಕ್ರಿ ಅಥವಾ ನಾಲ್ಕು ಮತ್ತು ಹೆಚ್ಚು ಚಕ್ರಗಳ ಸೈಕಲ್ ಎಂದೇ ಇದೆ. ತೆರಿಗೆ ಕಾಯಿದೆಯೂ ಅದೇ ಅರ್ಥವನ್ನು ಎರವಲು ಪಡೆದಿದೆ. ಹಿಂದೆ ಬಹುತೇಕ ಸಂಸ್ಥೆಗಳು 1,000 ಪೌಂಡಿನ ಮಿತಿ ಇಟ್ಟುಕೊಂಡಿದ್ದವು. 2019ರಲ್ಲಿ ಸರ್ಕಾರ ಮಾರ್ಗಸೂಚಿಯನ್ನು ಪರಿಷ್ಕರಿಸಿ, ಅದಕ್ಕಿಂತ ಬೆಲೆಬಾಳುವ ಸೈಕಲ್ಲುಗಳನ್ನೂ ಕೊಡಬಹುದೆಂದು ಸ್ಪಷ್ಟಪಡಿಸಿದ ಮೇಲೆ ತ್ರಿಚಕ್ರಿಗೆ ಬಾಗಿಲು ತೆರೆಯಿತು. ಆದರೂ ಆಯಾ ಸಂಸ್ಥೆ ತನ್ನದೇ ಮಿತಿ ಇಡಬಹುದು. ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ಇಂಗ್ಲೆಂಡಿನಲ್ಲಿ ಸಾಧಾರಣ ಸಂಬಳದವನಿಗೆ ವರಮಾನ ತೆರಿಗೆ ಶೇಕಡಾ 20. ರಾಷ್ಟ್ರೀಯ ವಿಮೆ 2024ರ ಏಪ್ರಿಲ್‌ನಿಂದ ಶೇಕಡಾ 8. ಒಟ್ಟು 28. ಅಂದರೆ 4,000 ಪೌಂಡಿನ ಬಾಡಿಗೆಯನ್ನು 12 ತಿಂಗಳು ಮುರಿದರೆ ಉಳಿತಾಯ 1,120. ಕೈಯಿಂದ ಹೋಗುವುದು 2,880. ಜಾಹೀರಾತಿನ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ಗಾಡಿ ಇನ್ನೂ ಅವನದಾಗಿಲ್ಲ ಎಂಬುದನ್ನು ಯಾರೂ ದಪ್ಪಕ್ಷರದಲ್ಲಿ ಹೇಳುವುದಿಲ್ಲ. ತೆರಿಗೆ ಇಲಾಖೆಯ ಕೋಷ್ಟಕದಂತೆ 500 ಪೌಂಡಿಗೆ ಮೇಲ್ಪಟ್ಟ ಸೈಕಲ್ಲಿಗೆ ಒಂದು ವರ್ಷದ ನಂತರದ ಬೆಲೆ ಮೂಲ ಬೆಲೆಯ ಶೇಕಡಾ 25. ಆಗಲೇ ಕೊಂಡರೆ 1,000 ಪೌಂಡು ಕೊಡಬೇಕು. ಉಳಿತಾಯ ಬರೀ 120! ನಾಲ್ಕು ವರ್ಷ ಕಾದರೆ ಆ ಬೆಲೆ ಶೇಕಡಾ 7ಕ್ಕೆ, ಅಂದರೆ 280ಕ್ಕೆ ಇಳಿಯುತ್ತದೆ. ಆಗ ಉಳಿತಾಯ 840. ಇದಕ್ಕಾಗಿಯೇ ಅನೇಕ ಯೋಜನೆಗಳಲ್ಲಿ ಮೊದಲ ವರ್ಷದ ನಂತರ ಇನ್ನೂ ಮೂರು ವರ್ಷ ಗಾಡಿಯನ್ನು ಬಳಕೆಗೆ ಬಿಡುವ ಏರ್ಪಾಡಿರುತ್ತದೆ. ಸಹಿ ಹಾಕುವ ಮೊದಲು ಆ ಕಲಮನ್ನು ಎರಡು ಸಲ ಓದು ಎಂದು ಅವನಿಗೆ ಬರೆದೆ.

ನಡುವೆ ಕೆಲಸ ಬಿಟ್ಟರೆ? ಆರನೆಯ ತಿಂಗಳ ಕೊನೆಗೆ ಬಿಟ್ಟರೆ ಬಾಕಿ 2,000 ಪೌಂಡನ್ನು ಸಾಮಾನ್ಯವಾಗಿ ತೆರಿಗೆ ಕಳೆದ ಸಂಬಳದಿಂದ ಒಮ್ಮೆಲೇ ಮುರಿಯುತ್ತಾರೆ. ಅಷ್ಟರ ಮೇಲಿನ ರಿಯಾಯಿತಿ ಹೋಯಿತು. ಗಾಡಿ ಕಳುವಾದರೂ ಕಂತು ನಿಲ್ಲುವುದಿಲ್ಲವಾದ್ದರಿಂದ ವಿಮೆ ಬೇಕೇಬೇಕು. ಮಕ್ಕಳನ್ನು ಅಲ್ಲಿಗೆ ಕಳುಹಿಸಿರುವ ತಂದೆತಾಯಂದಿರು ಇದನ್ನು ಗಮನಿಸಬೇಕು. ಮೊದಲ ಒಂದೆರಡು ವರ್ಷ ಕೆಲಸ ಬದಲಿಸುವವರೇ ಹೆಚ್ಚು.

ನನಗೆ ಹಿಡಿಸದ ಸಂಗತಿಯೊಂದಿದೆ. ಮುರಿತದ ನಂತರ ಸಂಬಳ ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಇದು ನೌಕರನ ರಕ್ಷಣೆಗೆಂದೇ ಇರುವ ನಿಯಮ. ಆದರೆ ಇದರಿಂದ ಕನಿಷ್ಠ ವೇತನದಲ್ಲಿರುವ ಕಸಗುಡಿಸುವವನಿಗೆ ಯೋಜನೆ ದಕ್ಕದು. ಹೆಚ್ಚು ಸಂಬಳದ ವೈದ್ಯನಿಗೆ ಶೇಕಡಾ 42ರಷ್ಟು ಉಳಿತಾಯ. ದಿನವಿಡೀ ಸೈಕಲ್ ತುಳಿದು ಊಟ ತಲುಪಿಸುವ ಹುಡುಗ ಸ್ವಂತ ಉದ್ಯೋಗಿ ಎಂದಾದರೆ ಅವನಿಗೂ ಇಲ್ಲ.

ಬೆಲೆ ಹೊಂದಿದರೂ ಗಾಡಿ ಹೊಂದಬೇಕಲ್ಲ. ಅಗಲ ಸುಮಾರು 80 ಸೆಂ.ಮೀ.; ಮನೆಯ ಬಾಗಿಲು, ಸೈಕಲ್ ದಾರಿಯ ಅಡ್ಡಗಂಬಗಳ ನಡುವಿನ ಜಾಗ, ಎರಡನ್ನೂ ಟೇಪು ಹಿಡಿದು ಅಳೆಯಬೇಕು. ಅಲ್ಲಿನ ಅನೇಕ ರೈಲುಗಳು ತ್ರಿಚಕ್ರಿಯನ್ನು ಹತ್ತಿಸಿಕೊಳ್ಳುವುದಿಲ್ಲ. ತೂಕ 15ರಿಂದ 20 ಕೆ.ಜಿ.; ದಿಬ್ಬದಲ್ಲಿ ಎದ್ದು ನಿಂತು ತುಳಿಯುವಂತಿಲ್ಲ. ಗೇರ್ ಇಳಿಸಿ ನಿಧಾನವಾಗಿ ಏರಬೇಕು. ಎಷ್ಟೇ ನಿಧಾನವಾದರೂ ಬೀಳುವುದಿಲ್ಲ ಎಂಬುದು ಅವನಿಗೆ ಮುಖ್ಯ. ಲಾರಿ ಚಾಲಕನ ಕಣ್ಣಿಗೆ ಬೀಳಲೆಂದು ಆಸನದ ಹಿಂದೆ ಎತ್ತರದ ಕೋಲಿಗೆ ಬಾವುಟ ಕಟ್ಟುತ್ತಾರೆ. ಕಾಲಿನ ಉದ್ದಕ್ಕೆ ತಕ್ಕಂತೆ ಪೆಡಲಿನ ದೂಲವನ್ನು ಮುಂದೆ ಹಿಂದೆ ಸರಿಸಬಹುದು. ಇದನ್ನು ಅಂಗಡಿಯಲ್ಲೇ ಸರಿಪಡಿಸಿಕೊಂಡು, ಮಳೆ ಬರುವ ದಿನ ನೋಡಿ ಒಂದರ್ಧ ಗಂಟೆ ಓಡಿಸಿ ನೋಡಬೇಕು.