ಕಿಡಿಗೆ ಅಡ್ಡ ಬರುವ ಗಾಳಿ

ನಮ್ಮಲ್ಲಿ ಓದಿ ಹೋದ ತರುಣನೊಬ್ಬನು ಈಚೆಗೆ ತನ್ನ ಕಾರಿನ ವ್ಯಥೆಯನ್ನು ಹೊತ್ತು ಬಂದನು. ಅದು ಟರ್ಬೊ ಇರುವ ಪೆಟ್ರೋಲ್ ಕಾರು. ಎಂಜಿನ್ನನ್ನು ಆಳುವ ಪುಟ್ಟ ಕಂಪ್ಯೂಟರಿನ ಲೆಕ್ಕಾಚಾರವನ್ನು ತಿದ್ದಿಸಿ, ಟರ್ಬೊವಿನ ಒತ್ತಡವನ್ನು ಏರಿಸಲಾಗಿತ್ತು. ಊರೊಳಗೆ ಮೆಲ್ಲನೆ ಹೋಗುವಾಗ ಯಾವ ತೊಂದರೆಯೂ ಇಲ್ಲ. ಘಟ್ಟವೇರುವಾಗ ಆಕ್ಸಿಲರೇಟರನ್ನು ಪೂರ್ಣ ತುಳಿದರೆ ಮಾತ್ರ ಕಾರು ಮುಗ್ಗರಿಸುವುದು, ಎಂಜಿನ್ನಿನ ಎಚ್ಚರಿಕೆಯ ದೀಪ ಮಿನುಗುವುದು. ಗ್ಯಾರೇಜಿನವರು ಇದನ್ನು ‘ಮಿಸ್ಸಿಂಗ್’ ಎನ್ನುತ್ತಾರೆ. ಅವನು ಆಗಲೇ ನಾಲ್ಕು ಹೊಸ ಕಾಯಿಲುಗಳನ್ನು ಹಾಕಿಸಿದ್ದನು, ದೋಷ ಹೋಗಿರಲಿಲ್ಲ. ಇನ್ನು ಟರ್ಬೊವನ್ನೇ ಬದಲಿಸಬೇಕೆಂದು ಯಾರೋ ಹೇಳಿದ್ದರಂತೆ.

ನಾವು ಮೆಕ್ಯಾನಿಕ್ಕರಲ್ಲ. ಆದರೆ ಸಾವಧಾನದಲ್ಲಿ ಕಾಣದ ರೋಗವು ಭಾರ ಬಿದ್ದೊಡನೆ ಏಕೆ ಕಾಣುತ್ತದೆ ಎಂಬ ಪ್ರಶ್ನೆ ಭೌತವಿಜ್ಞಾನದ್ದೇ ಆಗಿದೆ.

ಸ್ಪಾರ್ಕ್ ಪ್ಲಗ್ಗಿನ ಎರಡು ಲೋಹದ ತುದಿಗಳ ನಡುವೆ ಸುಮಾರು 0.8 ಮಿಲಿಮೀಟರ್ ಅಂತರವಿರುತ್ತದೆ. ಕಿಡಿಯು ಈ ಅಂತರವನ್ನು ದಾಟಿ ಪೆಟ್ರೋಲ್ ಮಿಶ್ರಣವನ್ನು ಹೊತ್ತಿಸಬೇಕು. ಆದರೆ ಗಾಳಿ ವಿದ್ಯುತ್ತಿಗೆ ಸುಲಭವಾಗಿ ದಾರಿ ಕೊಡುವ ವಸ್ತುವಲ್ಲ. ಸಾಧಾರಣ ಒತ್ತಡದಲ್ಲಿ ಒಂದು ಸೆಂಟಿಮೀಟರ್ ಗಾಳಿಯನ್ನು ಭೇದಿಸಲು ಸುಮಾರು 30,000 ವೋಲ್ಟ್ ಬೇಕು. ಇದಕ್ಕೆ ಬೇಕಾಗುವ ವಿಭವಾಂತರವು ಅನಿಲದ ಒತ್ತಡ ಮತ್ತು ಅಂತರ, ಇವೆರಡರ ಗುಣಲಬ್ಧವನ್ನು ಅವಲಂಬಿಸಿದೆ ಎಂದು ಜರ್ಮನಿಯ ಫ್ರೀಡ್ರಿಕ್ ಪಾಶೆನ್ 1889ರಲ್ಲಿ ತೋರಿಸಿದರು. ಬೆಂಟ್ಸ್ ಅವರು ತಮ್ಮ ಮೋಟಾರು ಗಾಡಿಗೆ ಪೇಟೆಂಟ್ ಪಡೆದು ಆಗಿನ್ನೂ ಮೂರು ವರ್ಷವಾಗಿತ್ತಷ್ಟೆ!

ಕಾರಣ ಸರಳವಾದುದು. ಕಿಡಿ ಹುಟ್ಟಬೇಕಾದರೆ ಎಲೆಕ್ಟ್ರಾನುಗಳು ಸಾಕಷ್ಟು ವೇಗ ಗಳಿಸಿ ಅನಿಲದ ಅಣುಗಳನ್ನು ಒಡೆಯಬೇಕು. ಅಣುಗಳು ಕಿಕ್ಕಿರಿದಿದ್ದರೆ, ತೇರಿನ ದಿನ ರಥಬೀದಿಯಲ್ಲಿ ಓಡಲು ಹೊರಟವನಂತೆ, ಎಲೆಕ್ಟ್ರಾನು ಹೆಜ್ಜೆ ಹೆಜ್ಜೆಗೂ ಡಿಕ್ಕಿ ಹೊಡೆದು ವೇಗ ಕಳೆದುಕೊಳ್ಳುತ್ತದೆ. ಕಟ್ಟುನಿಟ್ಟಾಗಿ ಹೇಳುವುದಾದರೆ ಇಲ್ಲಿ ಮುಖ್ಯವಾದುದು ಅಣುಗಳ ದಟ್ಟಣೆ. ಉಷ್ಣತೆ ಬದಲಾಗದಿದ್ದರೆ ಒತ್ತಡವೇ ಅದರ ಅಳತೆ.

ಎಂಜಿನ್ನು ಸುಮ್ಮನೆ ತಿರುಗುತ್ತಿರುವಾಗ ಒಳಬರುವ ಗಾಳಿಯ ಒತ್ತಡ ವಾಯುಮಂಡಲದ ಒತ್ತಡದ ಅರ್ಧಕ್ಕಿಂತಲೂ ಕಡಿಮೆ. ದುರ್ಬಲ ಕಿಡಿಯೂ ಆಗ ದಾಟೀತು. ಟರ್ಬೊ ಊದತೊಡಗಿದಾಗ ಕತೆಯೇ ಬೇರೆ. ಮೊದಲು ಒಟ್ಟು ಒತ್ತಡ 2 ವಾಯುಮಂಡಲದಷ್ಟಿತ್ತೆಂದುಕೊಳ್ಳೋಣ; ಅಂತರದೊಡನೆ ಗುಣಿಸಿದರೆ 1.6. ಒತ್ತಡವನ್ನು 2.5ಕ್ಕೆ ಏರಿಸಿದರೆ ಗುಣಲಬ್ಧ 2.0. ಪಿಸ್ಟನ್ನು ಎರಡು ಸಂದರ್ಭದಲ್ಲಿಯೂ ಗಾಳಿಯನ್ನು ಅದೇ ಪ್ರಮಾಣದಲ್ಲಿ ಅದುಮುವುದರಿಂದ, ಕಾಯಿಲು ಒದಗಿಸಬೇಕಾದ ವೋಲ್ಟೇಜು ಹೆಚ್ಚುಕಡಿಮೆ ಕಾಲುಭಾಗ ಏರಿತು. ಕಾಯಿಲಿಗೆ ಶಕ್ತಿ ಸಾಲದಿದ್ದರೆ ಕಿಡಿ ಹುಟ್ಟುವುದೇ ಇಲ್ಲ. ಇಲ್ಲವೆ ಪ್ಲಗ್ಗಿನ ಪಿಂಗಾಣಿಯ ಹೊರಮೈಯ ಮೇಲೆ ಹರಿದು ಅಡ್ಡದಾರಿ ಹಿಡಿಯುತ್ತದೆ.

ಹಾಗೆಂದು ಊಹೆಯ ಮೇಲೆ ಚಿಕಿತ್ಸೆ ಮಾಡಲಾಗದು. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ದಹನಗಳು ನಡೆಯುತ್ತವೆ. ಒಂದು ತಪ್ಪಿದರೂ ಕ್ರ್ಯಾಂಕಿನ ತಿರುಗುವಿಕೆ ಕ್ಷಣಮಾತ್ರ ಹಿಂದೆ ಬೀಳುವುದನ್ನು ಕಂಪ್ಯೂಟರು ಗುರುತಿಸಿಕೊಳ್ಳುತ್ತದೆ. ‘ಪಿ 0302’ ಎಂಬ ಸಂಕೇತ ಬಂದರೆ ಎರಡನೆಯ ಸಿಲಿಂಡರಿನಲ್ಲಿ ದೋಷ. ಆಗ ಅದರ ಕಾಯಿಲನ್ನು ಮೂರನೆಯದರೊಡನೆ ಅದಲುಬದಲು ಮಾಡಬೇಕು. ಸಂಕೇತ ‘ಪಿ 0303’ ಆದರೆ ಕಾಯಿಲೇ ಅಪರಾಧಿ. ಖರ್ಚಿಲ್ಲದ ಈ ಪರೀಕ್ಷೆಯನ್ನು ಮಾಡದೆ ನಾಲ್ಕು ಕಾಯಿಲು ಕೊಂಡದ್ದು ನಮ್ಮ ತರುಣನ ತಪ್ಪು. ಅವನ ಕಾರು ತೋರಿಸುತ್ತಿದ್ದುದು ‘ಪಿ 0300’. ಅಂದರೆ ದಹನ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ತಪ್ಪುತ್ತಿತ್ತು. ಎಲ್ಲ ಸಿಲಿಂಡರುಗಳಿಗೂ ಸಾಮಾನ್ಯವಾದ ಕಾರಣವನ್ನು ಹುಡುಕಬೇಕಾಗಿತ್ತು.

ಇಲ್ಲಿ ಒಂದು ಮೋಸವಿದೆ. ಉರಿಯದ ಮಿಶ್ರಣದಲ್ಲಿನ ಆಮ್ಲಜನಕ ಹಾಗೆಯೇ ಹೊಗೆಕೊಳವೆಗೆ ಹೋಗುವುದರಿಂದ, ಅಲ್ಲಿನ ಆಮ್ಲಜನಕ ಮಾಪಕವು ‘ಪೆಟ್ರೋಲು ಸಾಲದು’ ಎಂದು ವರದಿ ಮಾಡುತ್ತದೆ. ಅದು ರೋಗದ ಫಲ, ಕಾರಣವಲ್ಲ. ಆದರೆ ಪಂಪಿನ ಸಾಮರ್ಥ್ಯ ಸಾಲದೆ ಪೆಟ್ರೋಲು ನಿಜವಾಗಿಯೂ ಕಡಿಮೆಯಾಗುತ್ತಿರಲೂಬಹುದು. ಹೆಚ್ಚಿನ ಒತ್ತಡದಲ್ಲಿ ಅಂಥ ತೆಳು ಮಿಶ್ರಣ ಅಕಾಲದಲ್ಲಿ ಸಿಡಿದು ಪಿಸ್ಟನ್ನನ್ನೇ ಒಡೆಯಬಲ್ಲದು. ಆದ್ದರಿಂದ ಭಾರದಲ್ಲಿ ಇಂಧನದ ಒತ್ತಡ ಕುಸಿಯುವುದೇ ಎಂಬುದನ್ನು ಮೊದಲು ನೋಡಲು ಹೇಳಿದೆವು. ಅದು ಕುಸಿಯಲಿಲ್ಲ. ಗಾಳಿಯ ಕೊಳವೆಗಳಿಗೆ ಸೋಪುನೀರು ಬಳಿದು ಒತ್ತಡ ಕೊಟ್ಟು ನೋಡಿದ್ದಾಯಿತು, ಗುಳ್ಳೆ ಏಳಲಿಲ್ಲ.

ಕೊನೆಗೆ ಪ್ಲಗ್ಗುಗಳನ್ನು ಬಿಚ್ಚಿಸಿ ಅಳೆದೆವು. ತುದಿಗಳು ಸವೆದು ಅಂತರ 0.9ಕ್ಕೆ ಹಿಗ್ಗಿತ್ತು, ಗುಣಲಬ್ಧ 2.25! ಹಳೆಯ 1.6ಕ್ಕೆ ಮರಳಬೇಕಾದರೆ ಅಂತರ 0.64 ಆಗಬೇಕು. ಹೊಸ ಪ್ಲಗ್ಗುಗಳನ್ನು 0.65ಕ್ಕೆ ಹೊಂದಿಸಲಾಯಿತು. ಇನ್ನೂ ಕಿರಿದು ಮಾಡಿದರೆ, ಮೊಳಕೆಯೊಡೆಯುವ ಜ್ವಾಲೆಯ ಶಾಖವನ್ನು ಲೋಹವೇ ಹೀರಿಕೊಂಡು ನಿಧಾನದ ಓಟ ಕೆಡುತ್ತದೆ. ಅಲ್ಲಿ ಲೋಭ ಸಲ್ಲದು.

ಮರುವಾರ ಅವನು ಘಟ್ಟವೇರಿ ಬಂದನು, ದೀಪ ಮಿನುಗಲಿಲ್ಲ. ದೀಪ ಮಿನುಗುತ್ತಿದ್ದರೂ ಅಷ್ಟು ದಿನ ಓಡಿಸಿದ್ದಕ್ಕೆ ನಾವು ಅವನನ್ನು ಗದರಿಸಿದೆವು. ಉರಿಯದ ಪೆಟ್ರೋಲು ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು, ಅದರ ಪಿಂಗಾಣಿಯ ಜೇನುಗೂಡನ್ನು ಕರಗಿಸಬಹುದಿತ್ತು. ಅವನು ತೆಗೆಸಿಹಾಕಿದ್ದ ನಾಲ್ಕು ಕಾಯಿಲುಗಳೂ ಸುಸ್ಥಿತಿಯಲ್ಲಿಯೇ ಇದ್ದವು. ಅವುಗಳಲ್ಲಿ ಒಂದು ಈಗ ನಮ್ಮ ಪ್ರಯೋಗಶಾಲೆಯಲ್ಲಿದೆ.