ಸತ್ಯಭಾಮೆಯ ಸಿಟ್ಟು ತಗ್ಗಿಸುವ ಮೊಬೈಲು

ಅಪರಾಳ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ ಎಂಬ ಹಾಡಿನ ಆಟವನ್ನು ತಿದ್ದಿ, ಬೆಳೆಸಿ, ಬಯಲಿಗೆ ತಂದವನು ಕುಲಗೋಡ ತಮ್ಮಣ್ಣ. ಅವನ ಕುಲಗೋಡು ಈಗ ಮೂಡಲಗಿ ತಾಲೂಕಿನಲ್ಲಿದೆ. ಗೋಕಾಕ, ಹುಕ್ಕೇರಿ ಕಡೆ ಆಟ ಕಟ್ಟಿದರೆ ಮೊದಲ ಸಾಲಿನಲ್ಲೇ ರೆಕಾರ್ಡ್ ಮಾಡಲು ಮೊಬೈಲುಗಳು ಮೇಲೇಳುತ್ತವೆ. ಮನೆಗೆ ಬಂದು ಕೇಳಿದರೆ ಭಾಮೆಯ ಸಿಟ್ಟೂ ರುಕ್ಮಿಣಿಯ ಸಮಾಧಾನವೂ ಒಂದೇ ಎತ್ತರ. ಹಿಮ್ಮೇಳ ಪಲ್ಲವಿ ಎತ್ತಿಕೊಂಡ ಕೂಡಲೇ ಪಾತ್ರಧಾರಿಯ ದನಿ ಕುಗ್ಗುತ್ತದೆ. ಹಿಮ್ಮೇಳದವರು ಉಸಿರಿಗೆ ನಿಂತರೆ ಜನರೇಟರಿನ ಗುರ್ ಸದ್ದು ಎದ್ದು ಬರುತ್ತದೆ. ಸದ್ದಿನ ಮಟ್ಟವನ್ನು ಫೋನು ತಾನೇ ಏರಿಸಿ ಇಳಿಸುವುದರ ಫಲ ಇದು.

ಭಾರತದಲ್ಲಿ 1902ರಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನ್ ತಟ್ಟೆಗೆ ಹಾಡಿದಾಗ ಮೈಕೇ ಇರಲಿಲ್ಲ. ಧ್ವನಿ ಹಿಡಿಯುವ ಕೊಂಬಿನ ಮುಂದೆ ಹಾಡುವವರು ಮುಂದೆ ಹಿಂದೆ ಸರಿದೇ ಸದ್ದಿನ ಮಟ್ಟ ಕಾಯುತ್ತಿದ್ದರು. 1925ರಲ್ಲಿ ಅಮೆರಿಕದ ಹೆರಾಲ್ಡ್ ವೀಲರ್ ರೇಡಿಯೊಗೆ ಒಂದು ಸರ್ಕಿಟ್ ಕಟ್ಟಿದ. ದೂರದ ಸ್ಟೇಷನ್ನೂ ಹತ್ತಿರದ ಸ್ಟೇಷನ್ನೂ ಒಂದೇ ಗಟ್ಟಿಯಾಗಿ ಕೇಳಲಿ ಎಂಬುದಷ್ಟೇ ಅವನ ಆಸೆ. ಅದೇ ಯುಕ್ತಿ ಮುಂದೆ ಕ್ಯಾಸೆಟ್ ರೆಕಾರ್ಡರುಗಳಿಗೆ ಹೊಕ್ಕಿತು, ಅಲ್ಲಿಂದ ಫೋನಿಗೆ. ಕರೆಯ ಮಾತಿಗೆ ಅದು ವರವೇ ಸರಿ. ಪಾರಿಜಾತಕ್ಕೆ ಶಾಪ.

2012ರಲ್ಲಿ ಆಂಡ್ರಾಯ್ಡ್ 4.1 ಈ ಸ್ವಯಂಚಾಲಿತ ಹಿಡಿತವನ್ನು ಹಾಕುವ, ತೆಗೆಯುವ ಕೀಲಿಯನ್ನು ಪ್ರೋಗ್ರಾಮರ್ ಕೈಗೆ ಕೊಟ್ಟಿತು. ಅದೇ ವರ್ಷ ಐಫೋನಿನ ಐಒಎಸ್ 6ರಲ್ಲಿ ಮೈಕಿನ ಮಟ್ಟ ಹೊಂದಿಸುವ ಸೌಕರ್ಯ ಬಂತು, ಅದೂ ಹಾರ್ಡ್‌ವೇರ್ ಒಪ್ಪಿದರೆ ಮಾತ್ರ. 2016ರ ಆಂಡ್ರಾಯ್ಡ್ 7ರಿಂದ, ಫೋನು ಬೆಂಬಲಿಸಿದರೆ, ಏನೂ ತಿದ್ದದ ಕಚ್ಚಾ ಧ್ವನಿಯನ್ನೇ ಕೇಳಿ ಪಡೆಯಬಹುದು.

ನನಗೆ ಇಷ್ಟವಾದದ್ದು ಒಂದು ಸಂಖ್ಯೆ: 2500. ಆಂಡ್ರಾಯ್ಡಿನ ನಿಯಮಪುಸ್ತಕದ ಸಲಹೆ ಇದು. ಮಾತು ಗುರುತಿಸುವ ಬಗೆಯಲ್ಲಿ ಧ್ವನಿ ಪಡೆದರೆ, 90 ಡೆಸಿಬೆಲ್‌ನ 1000 ಹರ್ಟ್ಸ್ ಸದ್ದು 16 ಬಿಟ್ ಅಳತೆಯಲ್ಲಿ ಸರಾಸರಿ (ಆರ್‌ಎಂಎಸ್) 2500ರ ಆಸುಪಾಸು ಇರಬೇಕು. ಸ್ವಯಂಚಾಲಿತ ಹಿಡಿತವೂ ಬೇಡ. ಮೇಲಿನ ಮಿತಿ 32767. ಹಿಮ್ಮೇಳದ ತಾಳಕ್ಕೂ ಅಲ್ಲಿ ಜಾಗ ಉಳಿಯುತ್ತದೆ! ಯಂತ್ರಕ್ಕೆ ಮಾತು ತಿಳಿಸಲು ಮಾಡಿದ ಏರ್ಪಾಡು ನಮ್ಮ ಆಟದ ಏರಿಳಿತವನ್ನು ಕಾಯುತ್ತದೆ ಅಂದರೆ ತಮಾಷೆಯೇ.

ಆದರೂ ಎಷ್ಟೋ ಆ್ಯಪ್‌ಗಳು ಫೋನು ಕೊಟ್ಟದ್ದನ್ನೇ ಪ್ರಸಾದವೆಂದು ತೆಗೆದುಕೊಳ್ಳುತ್ತವೆ. ಆಂಡ್ರಾಯ್ಡಿನ ರೆಕಾರ್ಡಿಂಗ್ ಸಲಕರಣೆಯಲ್ಲಿ ಮೈಕಿನ ಮಟ್ಟ ಹೆಚ್ಚು ಕಡಿಮೆ ಮಾಡುವ ಸರಳ ತಿರುಪು ಇಲ್ಲದ್ದರಿಂದ ಬಂದ ಅಂಕಿಗಳನ್ನೇ ಗುಣಿಸಬೇಕು. ಎರಡರಿಂದ ಗುಣಿಸಿದರೆ 6 ಡೆಸಿಬೆಲ್ ಏರುತ್ತದೆ, ಹಿನ್ನೆಲೆಯ ಗದ್ದಲವೂ ಅಷ್ಟೇ ಏರುತ್ತದೆ. ಮೈಕಿನ ಹಂತದಲ್ಲೇ ತಲೆ ಕಡಿದುಹೋದ ಅಲೆಯನ್ನು ಮಾತ್ರ ಯಾವ ಗುಣಾಕಾರ, ಭಾಗಾಕಾರವೂ ಮರಳಿ ತರದು. ಆಗ ಕೊಂಬಿನ ಕಾಲದವರ ದಾರಿಯೇ ಗತಿ: ಫೋನು ಹಿಡಿದವರು ಹಿಮ್ಮೇಳದಿಂದ ನಾಲ್ಕು ಮಾರು ಹಿಂದೆ ಸರಿದು ಕೂಡಬೇಕು.