ಪಕ್ಕದ ಮನೆಗೆ ಇಂಗ್ಲಿಷಿನ ಬಳಸುದಾರಿ

ನೆರೆಯ ಭಾಷೆ ಬಲ್ಲವರು ಸಿಗದೆ ಹೋದಾಗ ಭಾರತೀಯ ಭಾಷೆಗಳ ನಡುವಿನ ಅನುವಾದ ಇಂಗ್ಲಿಷನ್ನು ಸುತ್ತಿಕೊಂಡು ಬರುತ್ತದೆ. ಆ ಸುತ್ತಿನಲ್ಲಿ ಉದುರಿಹೋಗುವುದೇನು?

ಎಸ್.ಎಲ್. ಭೈರಪ್ಪನವರ ಕಾದಂಬರಿಗಳನ್ನು ಮರಾಠಿ ಓದುಗರು ತಮ್ಮದೇ ಲೇಖಕರ ಕೃತಿಗಳೆಂಬಷ್ಟು ಸಲುಗೆಯಿಂದ ಓದುತ್ತಾರೆ. ಆ ಸಲುಗೆಯ ಹಿಂದೆ ಪುಣೆಯ ಒಂದು ಮನೆಯ ದುಡಿಮೆಯಿದೆ. ಬೆಳಗಾವಿ ಮೂಲದ ಉಮಾ ಕುಲಕರ್ಣಿ ಅವರಿಗೆ ಕನ್ನಡ ಕೇಳಿ ಬೆಳೆದ ಭಾಷೆ. ಆದರೆ ಕನ್ನಡ ಲಿಪಿಯಲ್ಲಿ ಸರಾಗವಾಗಿ ಓದುವ ರೂಢಿ ಇರಲಿಲ್ಲ. ಪತಿ ವಿರೂಪಾಕ್ಷ ಕುಲಕರ್ಣಿ ಕನ್ನಡ ಕೃತಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಉಮಾ ಅವರು ಕೇಳಿಕೊಂಡು ಮರಾಠಿಗೆ ಇಳಿಸುತ್ತಿದ್ದರು. ವಿರೂಪಾಕ್ಷರು ತಾವೂ ಮರಾಠಿಯಿಂದ ಕನ್ನಡಕ್ಕೆ ಅನುವಾದಿಸಿದವರು. ಎರಡು ಭಾಷೆಗಳ ನಡುವಿನ ದಾರಿ ಹೀಗೆ ಒಂದೇ ಸೂರಿನಡಿ ಎರಡೂ ಕಡೆಗೆ ತೆರೆದುಕೊಂಡಿತು. ನಡುವೆ ಇಂಗ್ಲಿಷಿಗೆ ಕೆಲಸವೇ ಇರಲಿಲ್ಲ.

ನೆರೆಯ ಭಾಷೆಯನ್ನು ಕಲಿತು ನೇರವಾಗಿ ಅನುವಾದಿಸುವ ಈ ಪರಂಪರೆ ನಮ್ಮಲ್ಲಿ ಹಳೆಯದು. 19ನೇ ಶತಮಾನದಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಗಳಗನಾಥರು ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಉತ್ತರ ಕರ್ನಾಟಕದ ಮನೆಮನೆಗೆ ತಲುಪಿಸಿದರು. ಕನ್ನಡದಲ್ಲಿ ಕಾದಂಬರಿ ಓದುವ ಅಭ್ಯಾಸ ಬೆಳೆದದ್ದೇ ಇಂಥ ಕೃತಿಗಳಿಂದ. ನಮ್ಮ ಕಾಲದಲ್ಲಿ ದೂರವಾಣಿ ಇಲಾಖೆಯ ಕೆಲಸಕ್ಕೆಂದು ಕರ್ನಾಟಕಕ್ಕೆ ಬಂದ ತಮಿಳು ಲೇಖಕ ಪಾವಣ್ಣನ್ ಇಲ್ಲಿಯೇ ಕನ್ನಡ ಕಲಿತರು. ಅವರು ತಮಿಳಿಗೆ ತಂದ ಭೈರಪ್ಪನವರ ‘ಪರ್ವ’ಕ್ಕೆ 2005ರ ಸಾಹಿತ್ಯ ಅಕಾಡೆಮಿ ಅನುವಾದ ಪ್ರಶಸ್ತಿ ಸಂದಿತು. ನೇಮಿಚಂದ್ರರ ‘ಯಾದ್ ವಶೇಮ್’ ಅನ್ನು ತಮಿಳಿಗೆ ಕೊಟ್ಟವರು ಮೈಸೂರಿನ ಕೆ. ನಲ್ಲತಂಬಿ, ಅವರಿಗೂ ಅದೇ ಪ್ರಶಸ್ತಿ ಬಂದಿದೆ.

ಇವರ ದುಡಿಮೆಯ ಬೆಲೆ ತಿಳಿಯಬೇಕಾದರೆ ಭಾಷೆಗಳ ಒಳಕಟ್ಟನ್ನು ಕೊಂಚ ನೋಡಬೇಕು.

ಇಬ್ಬರಲ್ಲೂ ಇದ್ದದ್ದು ನಡುವೆ ಮಾಯ

ಕನ್ನಡದಲ್ಲಿ ‘ನಾವು’ ಒಂದೇ. ತೆಲುಗಿನಲ್ಲಿ ಎರಡು: ಎದುರಿಗಿರುವವರನ್ನೂ ಸೇರಿಸಿಕೊಂಡರೆ ‘ಮನಂ’, ಅವರನ್ನು ಬಿಟ್ಟು ಹೇಳಿದರೆ ‘ಮೇಮು’. ತಮಿಳಿನಲ್ಲಿ ‘ನಾಮ್’ ಮತ್ತು ‘ನಾಂಗಳ್’, ಮರಾಠಿಯಲ್ಲಿ ‘ಆಪಣ’ ಮತ್ತು ‘ಆಮ್ಹೀ’. ಕನ್ನಡ ಕಥೆಯೊಂದರಲ್ಲಿ ಅಣ್ಣ ತಮ್ಮನಿಗೆ ‘ನಾವು ಈ ಮನೆ ಬಿಡುವುದಿಲ್ಲ’ ಎನ್ನುತ್ತಾನೆ ಎಂದುಕೊಳ್ಳಿ. ಆ ಮಾತಿನೊಳಗೆ ತಮ್ಮನಿಗೆ ಜಾಗವಿದೆಯೋ ಇಲ್ಲವೋ? ನಮಗೆ ಅದನ್ನು ಬಿಡಿಸಿ ಹೇಳಬೇಕಾದ ಒತ್ತಾಯವಿಲ್ಲ. ತೆಲುಗಿಗೆ ಅನುವಾದಿಸುವವರಿಗೆ ಬೇರೆ ದಾರಿಯಿಲ್ಲ. ಅವರು ಕಥೆಯನ್ನೆಲ್ಲ ಓದಿ, ಮನೆಯ ಜಗಳದ ಮೂಲ ತಿಳಿದು ತೀರ್ಮಾನಿಸಬೇಕು.

ತೆಲುಗಿನ ಕಥೆ ಇಂಗ್ಲಿಷಿನ ಮೂಲಕ ತಮಿಳಿಗೋ ಮರಾಠಿಗೋ ಹೋದಾಗ ಆಗುವ ನಷ್ಟ ಇದಕ್ಕಿಂತ ದೊಡ್ಡದು. ಹೊರಟ ಭಾಷೆಯಲ್ಲೂ ತಲುಪಿದ ಭಾಷೆಯಲ್ಲೂ ಇರುವ ವ್ಯತ್ಯಾಸವನ್ನು ನಡುವಿನ ಇಂಗ್ಲಿಷ್ ಅಳಿಸಿಬಿಟ್ಟಿರುತ್ತದೆ. ಕೊನೆಯ ಅನುವಾದಕರ ಪಾಲಿಗೆ ಉಳಿಯುವುದು ಊಹೆ ಮಾತ್ರ.

ಬಂಗಾಳಿಯ ಕತೆಯೂ ಇದೇ. ಅಲ್ಲಿ ಎದುರಿನವರನ್ನು ಕರೆಯಲು ‘ಆಪನಿ’, ‘ತುಮಿ’, ‘ತುಯಿ’ ಎಂಬ ಮೂರು ಮೆಟ್ಟಿಲುಗಳಿವೆ. ಕಾದಂಬರಿಯ ನಾಯಕ ನಾಯಕಿ ‘ಆಪನಿ’ಯಿಂದ ‘ತುಮಿ’ಗೆ ಇಳಿದ ಗಳಿಗೆ ಅವರ ಸಂಬಂಧ ಬದಲಾದ ಗಳಿಗೆ. ‘ನೀವು’ ಹೋಗಿ ‘ನೀನು’ ಬರುವುದರ ಅರ್ಥ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಮೂರಕ್ಕೂ ಒಂದೇ ಪದ. ಹಾಗಾಗಿ ಇಂಗ್ಲಿಷ್ ಆವೃತ್ತಿಯನ್ನು ಮುಂದಿಟ್ಟುಕೊಂಡು ಕನ್ನಡಿಸುವವರಿಗೆ ಆ ಗಳಿಗೆ ಕಣ್ಣಿಗೇ ಬೀಳದೆ ಹೋಗಬಹುದು. ಚಿಕ್ಕಪ್ಪ, ಸೋದರಮಾವ ಎಲ್ಲರೂ ಇಂಗ್ಲಿಷಿನಲ್ಲಿ ‘ಅಂಕಲ್’ ಆಗುತ್ತಾರೆ. ಮರಾಠಿಯಲ್ಲಿ ‘ಕಾಕಾ’ ಬೇರೆ, ‘ಮಾಮಾ’ ಬೇರೆ; ನೇರವಾಗಿ ಹೋದರೆ ಯಾವ ನೆಂಟಸ್ತಿಕೆಯೂ ಕೆಡುವುದಿಲ್ಲ.

ಮಲಯಾಳದಿಂದ ಕನ್ನಡಕ್ಕೆ ಬರುವಾಗ ತೊಡಕು ಇನ್ನೊಂದು ಬಗೆಯದು. ಅಲ್ಲಿ ಯಾರು ಬಂದರೂ ಕ್ರಿಯಾಪದ ‘ವನ್ನು’. ಕನ್ನಡದಲ್ಲಿ ಬಂದ, ಬಂದಳು, ಬಂದರು, ಬಂತು ಎಂದು ಬಿಡಿಸಲೇಬೇಕು. ‘ಅಪ್ಪ ಬಂದ’ ಎನ್ನುವ ಮನೆಗಳಿವೆ, ‘ಅಪ್ಪ ಬಂದರು’ ಎನ್ನುವ ಮನೆಗಳಿವೆ. ಯಾವುದು ಸರಿ ಎಂದು ವ್ಯಾಕರಣ ಹೇಳದು. ಆ ಮನೆ ಯಾವ ಸೀಮೆಯದು, ಯಾವ ಕಸುಬಿನದು, ಅಲ್ಲಿ ತಂದೆಯ ಮುಂದೆ ಮಕ್ಕಳು ಹೇಗೆ ನಿಲ್ಲುತ್ತಾರೆ ಎಂಬುದು ಗೊತ್ತಿದ್ದವರು ಮಾತ್ರ ಹೇಳಬಲ್ಲರು.

ಹತ್ತಿರದ ಭಾಷೆಯ ಅಪಾಯ

ನೆರೆಯ ಭಾಷೆ ಸುಲಭ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ತೆಲುಗು ಲಿಪಿ ಕನ್ನಡಿಗರ ಕೈಗೆ ಬೇಗ ಹತ್ತುತ್ತದೆ. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಅದು ಪದದ ಯಾವ ಜಾಗದಲ್ಲಿದೆ ಎಂಬುದನ್ನು ನೋಡಿ ಉಚ್ಚರಿಸಬೇಕು. ಲಿಪಿ ದಾಟಿದ ಮೇಲೆ ಪರಿಚಿತ ಪದಗಳೇ ದಾರಿ ತಪ್ಪಿಸುತ್ತವೆ. ನಮ್ಮ ‘ಅವಸರ’ ಗಡಿಬಿಡಿ. ತೆಲುಗಿನಲ್ಲಿ ಅದು ಅಗತ್ಯ, ಮಲಯಾಳದಲ್ಲಿ ಅವಕಾಶ. ನಮ್ಮ ‘ಸಂಸಾರ’ ಮಲಯಾಳದಲ್ಲಿ ಮಾತುಕತೆ. ನಮ್ಮ ‘ಉಪನ್ಯಾಸ’ ಬಂಗಾಳಿಯಲ್ಲಿ ಕಾದಂಬರಿ. ಗೊತ್ತಿಲ್ಲದ ಪದಕ್ಕೆ ನಿಘಂಟು ತೆರೆಯುತ್ತೇವೆ, ಗೊತ್ತಿದೆ ಎಂದುಕೊಂಡ ಪದಕ್ಕೆ ತೆರೆಯುವುದಿಲ್ಲ. ಹತ್ತಿರದ ಭಾಷೆಯನ್ನು ಹೆಚ್ಚು ಎಚ್ಚರದಿಂದ ಕಲಿಯಬೇಕಾದದ್ದು ಇದಕ್ಕಾಗಿಯೇ.

ಒಂದು ಭಾಷೆಯ ಒಳಗೂ ಹಲವು ಭಾಷೆಗಳಿರುತ್ತವೆ. ಬಾನು ಮುಷ್ತಾಕ್ ಅವರ ಕಥೆಗಳ ಕನ್ನಡದೊಳಗೆ ದಖನಿ, ಉರ್ದು, ಅರಬ್ಬಿ ಪದಗಳು ಹಾಸುಹೊಕ್ಕಾಗಿವೆ. ಅವನ್ನು ‘ಹಾರ್ಟ್ ಲ್ಯಾಂಪ್’ ಹೆಸರಿನಲ್ಲಿ ಇಂಗ್ಲಿಷಿಗೆ ತಂದ ಕೊಡಗಿನ ದೀಪಾ ಭಾಸ್ತಿ, ಆ ನುಡಿಯ ವಾತಾವರಣ ಹಿಡಿಯಲು ಪಾಕಿಸ್ತಾನಿ ಧಾರಾವಾಹಿಗಳನ್ನು ನೋಡಿದರು, ಉರ್ದು ಲಿಪಿ ಕಲಿಯಲು ತರಗತಿಗೆ ಸೇರಿದರು. ಕನ್ನಡ, ಇಂಗ್ಲಿಷ್ ಎರಡೂ ಚೆನ್ನಾಗಿ ಬಲ್ಲವರೂ ಕಥೆಗಾಗಿ ಮೂರನೆಯದರ ಬಾಗಿಲು ತಟ್ಟಬೇಕಾಯಿತು. ಆ ಕೃತಿಗೆ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅದರ 50,000 ಪೌಂಡ್ ಲೇಖಕಿಗೂ ಅನುವಾದಕಿಗೂ ಸಮಪಾಲು. ಅನುವಾದಕರ ಹೆಸರನ್ನು ಒಳಪುಟದ ಮೂಲೆಯಲ್ಲಿ ಅಚ್ಚಿಸುವ ಪ್ರಕಾಶಕರು ಈ ಸಮಪಾಲನ್ನು ಗಮನಿಸಬೇಕು.

ಕಲಿಯುವವರೆಲ್ಲಿ?

ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ 22 ಭಾಷೆಗಳಿವೆ. ಎರಡೆರಡಾಗಿ ಜೋಡಿಸಿದರೆ 231 ಜೋಡಿ. ಪ್ರತಿ ಜೋಡಿಗೂ ಎರಡೂ ಬದಿ ಬಲ್ಲ ಬರಹಗಾರರು ಬೇಕು. ಕನ್ನಡ–ಮರಾಠಿಯಂಥ ಜೋಡಿಗೆ ಒಂದು ಪರಂಪರೆಯಿದೆ. ಕನ್ನಡ–ಒಡಿಯಾ, ಕನ್ನಡ–ಅಸ್ಸಾಮಿ ಎಂದಾಗ ಹೆಸರು ನೆನಪಿಸಿಕೊಳ್ಳಲು ತಡಕಾಡಬೇಕು. 1968ರ ರಾಷ್ಟ್ರೀಯ ಶಿಕ್ಷಣ ನೀತಿ, ಹಿಂದಿ ರಾಜ್ಯಗಳ ಮಕ್ಕಳು ಮತ್ತೊಂದು ಆಧುನಿಕ ಭಾರತೀಯ ಭಾಷೆಯನ್ನು, ಸಾಧ್ಯವಾದರೆ ದಕ್ಷಿಣದ್ದನ್ನು, ಕಲಿಯಲಿ ಎಂದಿತ್ತು. ಅದು ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. ಕನ್ನಡದ ಮಗು ತೆಲುಗನ್ನೋ ತಮಿಳಿನ ಮಗು ಕನ್ನಡವನ್ನೋ ಕಲಿಯಬೇಕೆಂಬ ಯೋಚನೆಗೆ ಆ ನೀತಿಯಲ್ಲಿ ಜಾಗವೇ ಇರಲಿಲ್ಲ.

ಮಾದರಿ ನಮ್ಮ ಮೈಸೂರಿನಲ್ಲೇ ಇದೆ. 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನದ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರ, ಬೇರೆ ಬೇರೆ ರಾಜ್ಯಗಳ ಶಿಕ್ಷಕರಿಗೆ ಕನ್ನಡ, ತಮಿಳು, ತೆಲುಗು, ಮಲಯಾಳಗಳನ್ನು ಹತ್ತು ತಿಂಗಳ ಕೋರ್ಸಿನಲ್ಲಿ ಕಲಿಸುತ್ತ ಬಂದಿದೆ. ಇಂಥ ಕಲಿಕೆ ಒಂದು ಕೇಂದ್ರಕ್ಕೆ ಸೀಮಿತವಾಗದೆ ನಮ್ಮ ಪದವಿ ಕಾಲೇಜುಗಳಿಗೆ ಬರಬೇಕು. ಬಳ್ಳಾರಿಯಲ್ಲಿ ತೆಲುಗು, ಮಂಗಳೂರಿನಲ್ಲಿ ಮಲಯಾಳ, ಬೆಳಗಾವಿಯಲ್ಲಿ ಮರಾಠಿ, ಕೊಳ್ಳೇಗಾಲದಲ್ಲಿ ತಮಿಳು ಕಲಿಸುವುದಕ್ಕೆ ಹೊರಗಿನಿಂದ ತಜ್ಞರನ್ನು ಕರೆಸಬೇಕಿಲ್ಲ. ಮನೆಯಲ್ಲೇ ಆ ಮಾತನ್ನಾಡುವ ವಿದ್ಯಾರ್ಥಿಗಳು ಅದೇ ತರಗತಿಯಲ್ಲಿರುತ್ತಾರೆ.

ಯಂತ್ರ ಇದೆಯಲ್ಲ ಎನ್ನುವವರಿದ್ದಾರೆ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಸೇರಿದ್ದು 2011ರಲ್ಲಿ. ಅಲ್ಲಿಂದೀಚೆಗೆ ಯಂತ್ರಾನುವಾದ ಬಹಳ ಸುಧಾರಿಸಿದೆ. ಬಸ್ಸಿನ ಫಲಕ, ಸರ್ಕಾರಿ ಸುತ್ತೋಲೆ, ಔಷಧದ ಸೂಚನೆಗಳಿಗೆ ಅದರ ನೆರವು ದೊಡ್ಡದು. ಆದರೆ ಎಷ್ಟೋ ಯಂತ್ರಗಳು ನಂಬಿಕೊಂಡು ಬಂದದ್ದೂ ಇಂಗ್ಲಿಷಿನ ಬಳಸುದಾರಿಯನ್ನೇ. ನೇರದಾರಿ ಕಲಿಸಬೇಕೆಂದರೆ ಅವುಗಳಿಗೂ ನೇರ ಅನುವಾದಗಳ ರಾಶಿ ಬೇಕು. ಅದನ್ನು ಬರೆದುಕೊಡಬೇಕಾದವರು ಮತ್ತೆ ಎರಡೂ ಭಾಷೆ ಬಲ್ಲ ಮನುಷ್ಯರೇ.

ಇಂಗ್ಲಿಷಿನ ಮೂಲಕ ಬಂದ ಪುಸ್ತಕಗಳು ಬೇಡ ಎಂದಲ್ಲ. ರಷ್ಯಾದ, ಲ್ಯಾಟಿನ್ ಅಮೆರಿಕದ ಸಾಹಿತ್ಯವನ್ನು ಕನ್ನಡ ಬಹುಪಾಲು ಆ ದಾರಿಯಲ್ಲೇ ಪಡೆದಿದೆ, ಅದರಿಂದ ಬೆಳೆದಿದೆ. ಆದರೆ ಒಂದೇ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದಾದ ಊರಿನ ಕಥೆಯೂ ಅದೇ ದಾರಿಯಲ್ಲಿ ಬರಬೇಕೆ? ಪ್ರಕಾಶಕರು ‘ಮೂಲದಿಂದ ನೇರ ಅನುವಾದ’ ಎಂದು ಮುಖಪುಟದಲ್ಲಿ ಹೆಮ್ಮೆಯಿಂದ ಅಚ್ಚು ಮಾಡಲಿ. ವಿಶ್ವವಿದ್ಯಾಲಯಗಳು ನೆರೆಭಾಷೆ ಕಲಿತವರ ಅನುವಾದವನ್ನು ಸಂಶೋಧನೆಯ ಸಮಕ್ಕೆ ಎಣಿಸಲಿ. ಓದುಗರೂ ಪುಸ್ತಕ ಕೊಳ್ಳುವಾಗ ಅದು ಯಾವ ಭಾಷೆಯಿಂದ ಬಂತೆಂದು ಕೇಳಲಿ. ನೆರೆಯವರ ಭಾಷೆ ಕಲಿಯುವವರಿಗೆ ಇಲ್ಲಿ ಅನ್ನವೂ ಮರ್ಯಾದೆಯೂ ಇದೆ ಎಂದು ತೋರಿಸಿಕೊಟ್ಟರೆ ವೆಂಕಟಾಚಾರ್ಯರ ದಾರಿಯಲ್ಲಿ ನಡೆಯುವವರು ಖಂಡಿತ ಬರುತ್ತಾರೆ.